ಕರ್ಮಣಿ ಪ್ರಯೋಗ

ಉಲಾನ್‌ಬಾತರಿನ ಜನವರಿಯಲ್ಲಿ ಬಾಲ್‌ಪೆನ್ನು ಬರೆಯುವುದಿಲ್ಲ.
ಮೈನಸ್ ಮೂವತ್ತು. ಶಾಯಿ ಕೊಳವೆಯಲ್ಲೇ ಕಲ್ಲು.
ಅದಕ್ಕೇ ಸರನ್‌ಗೆರೆಲ್ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು,
ಕೈಗವಸಿನ ತುದಿ ಕತ್ತರಿಸಿ ಎರಡು ಬೆರಳು ಹೊರಗೆ ಬಿಟ್ಟು.

ಅವಳ ಪಕ್ಕ ಕ್ಯಾಮೆರಾ ಹೊತ್ತವನು ನಾನು, ಒಂಬತ್ತು ಚಳಿಗಾಲ.
ಗುಡ್ಡದ ಮೇಲಿನ ಗುಡಾರಗಳಿಗೆ ಏರುತ್ತಿದ್ದೆವು,
ಹೊಗೆ ಎಷ್ಟೆಂದರೆ
ನಾಯಿ ಬೊಗಳಿದ ಎಷ್ಟೋ ಹೊತ್ತಿಗೆ ನಾಯಿ ಕಾಣುತ್ತಿತ್ತು.
ಉಪ್ಪು ಹಾಕಿದ ಹಾಲು-ಚಹಾ ಕೊಟ್ಟು
ದುಲ್ಮಾ ಅಜ್ಜಿ ಮೊಮ್ಮಗನ ಎದೆಗೆ ಕಿವಿಯಿಟ್ಟು ನೋಡು ಅಂದಳು.
ಇವಳು ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.
ಮರುದಿನ ಮೊದಲ ಪುಟದಲ್ಲಿ:
ಸಚಿವಾಲಯ ಕೆಟ್ಟ ಕಲ್ಲಿದ್ದಲನ್ನು ಮಾರಿತು.
ಮಕ್ಕಳು ಅದನ್ನು ಉಸಿರಾಡಿದರು.
ಕರ್ತೃ, ಕರ್ಮ, ಕ್ರಿಯೆ. ಮೂರೂ ತಂತಮ್ಮ ಜಾಗದಲ್ಲಿ.

ಆಮೇಲೆ ಪತ್ರಿಕೆ ಮುಚ್ಚಿತು.
(ಮುಚ್ಚಿತು ಅಂದೆ, ನೋಡಿ, ಮುಚ್ಚಿಸಿದವರ ಹೆಸರೆತ್ತದೆ.)
ಅವಳ ಅಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್.
ಅದೇ ಸಚಿವಾಲಯ, ಮೂರನೇ ಮಹಡಿ, ಬಾಗಿಲಿಗೆ ಹಿತ್ತಾಳೆ ಫಲಕ:
ವಕ್ತಾರೆ.
ನಾನು ದೂರಲಿಲ್ಲ. ಮದುವೆಗಳಿಲ್ಲದ ತಿಂಗಳು
ಸಚಿವರು ರಿಬ್ಬನ್ ಕತ್ತರಿಸುವುದನ್ನು ನಾನೂ ದಿನಗೂಲಿಗೆ ಕ್ಲಿಕ್ಕಿಸುತ್ತೇನೆ.

ಈಗ ಬೆಚ್ಚಗಿನ ಸಭಾಂಗಣ. ಪೆನ್ನು ಸರಾಗ.
ಮೈಕಿನ ಮುಂದೆ ಅವಳ ವಾಕ್ಯಗಳಿಂದ
ಒಬ್ಬೊಬ್ಬರಾಗಿ ಜನ ಎದ್ದು ಹೋಗುತ್ತಾರೆ:
ಪರಿಶೀಲಿಸಲಾಗುತ್ತಿದೆ. ಗಮನಕ್ಕೆ ತರಲಾಗಿದೆ.
ಕ್ರಮ ಕೈಗೊಳ್ಳಲಾಗುವುದು.
ಯಾರಿಂದ ಎಂದರೆ
ವ್ಯಾಕರಣವೇ ಬಾಗಿಲಿಗೆ ಅಡ್ಡ ನಿಂತಿರುತ್ತದೆ.

ಕಳೆದ ಮಂಗಳವಾರ ಹಿಂದಿನ ಸಾಲಲ್ಲಿ ಹುಡುಗಿಯೊಬ್ಬಳು ಎದ್ದಳು.
ಮೂಗು ಕೆಂಪು, ಕೋಟಿನ ತುಂಬ ಹೊಗೆಯ ವಾಸನೆ,
ಕೈಗವಸಿನಿಂದ ಎರಡು ಬೆರಳು ಹೊರಗೆ.
"ಎಷ್ಟು ಮಕ್ಕಳು? ಸಹಿ ಹಾಕಿದ್ದು ಯಾರು?"

ಸರನ್‌ಗೆರೆಲ್ ಕಾಗದ ನೋಡಿದಳು. ಉತ್ತರ ಆಗಲೇ ಅಚ್ಚಾಗಿತ್ತು.
ಓದಿದಳು, ಒಂದೊಂದು "ಲಾಗಿದೆ"ಯನ್ನೂ ಬಿಡಿಸಿ, ಸ್ಪಷ್ಟವಾಗಿ.

ಕುರ್ಚಿಗಳನ್ನು ಮಡಚುವ ಹೊತ್ತಿಗೆ
ತಾನೇ ಇಳಿದು ಹುಡುಗಿಯ ಹತ್ತಿರ ಹೋದಳು.
ಕೇಳಿದ್ದು ಇಷ್ಟೇ: "ಅದು ಟೂ-ಬಿ ಪೆನ್ಸಿಲ್ಲೇ?"
ಹುಡುಗಿ ಹೆದರಿ ಟಿಪ್ಪಣಿ ಪುಸ್ತಕ ಎದೆಗೊತ್ತಿಕೊಂಡಳು.
ಇವಳ ಕೈ, ಚಾಚಿದ್ದು, ಹಿಂದೆ ಬರುವ ದಾರಿ ಮರೆತಂತೆ ಅಲ್ಲೇ ಇತ್ತು.

ಸಚಿವಾಲಯಕ್ಕೆ ಕೊಟ್ಟ ಚಿತ್ರಗಳಲ್ಲಿ ಅದಿಲ್ಲ.
ನನ್ನ ಹತ್ತಿರ ಇದೆ. ತೆಗೆದವನು ನಾನು.
ಈ ಒಂದು ವಾಕ್ಯವಾದರೂ ಕರ್ತರಿಯಲ್ಲಿರಲಿ.