ಇಳಿಯಲಿ, ನೋಡೋಣ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಇವರು ದರ ಹೇಳುವುದನ್ನು ನೀವು ನೋಡಬೇಕು.
ಜಾಲರಿಯಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಕುಲುಕಿ,
ಒಳಗಿನ ಹುಳ ಎಷ್ಟು ದಿನದ್ದೆಂದು ಕೇಳಿಸಿಕೊಂಡು
ಮುನ್ನೂರ ಹನ್ನೆರಡು ಅಂದರೆ ಮುನ್ನೂರ ಹನ್ನೆರಡೇ.
ಅರ್ಧ ಬೀಡಿ ಸುಡುವಷ್ಟು ಹೊತ್ತೂ ಬೇಡ.

ಅದೇ ಮನುಷ್ಯ
ಒಂದು ಟಿವಿ ಕೊಳ್ಳಲು ಮೂರು ವರ್ಷದಿಂದ ಯೋಚಿಸುತ್ತಿದ್ದಾರೆ.

ಮೊದಲ ವರ್ಷ ಹೋಗಿದ್ದೆವು, ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ.
ಗೋಡೆ ತುಂಬ ಒಂದೇ ಗಿಣಿ, ಹನ್ನೊಂದು ಕಡೆ
ಒಟ್ಟಿಗೇ ಕತ್ತು ಓರೆ ಮಾಡಿತು.
ಪುಕ್ಕದ ಒಂದೊಂದು ಎಳೆ ಎಣಿಸಬಹುದಿತ್ತು.
ಎಣಿಸಿದೆ ಕೂಡ.
ಬಿಸಿನೀರ ಬೇಸಿನ್ನಿನಲ್ಲಿ ಕಾಣದ ತುದಿ ಹುಡುಕಿ
ಎಂಟು ಗೂಡಿನ ಎಳೆ ಒಂದು ಮಾಡುವ ಬೆರಳು ನನ್ನದು,
ಎಳೆ ಕಂಡರೆ ಸುಮ್ಮನಿರುವುದಿಲ್ಲ.
‘ಪರದೆ ಮುಟ್ಟಬೇಡಿ ಅಕ್ಕಾ’ ಅಂದ ಅಂಗಡಿಯ ಗಂಗರಾಜು.
ಇವರು ಬೆಲೆಯ ಚೀಟಿ ತಿರುಗಿಸಿ,
ಗಿಣಿಯ ಬೆನ್ನಿಗೆ ಕೈ ಹಾಕಿ ದಪ್ಪ ನೋಡಿ,
ಕಿವಿಯ ಹತ್ತಿರ ಕುಲುಕಲಾಗದೆ
ಅಂದರು: ಇಳಿಯಲಿ, ನೋಡೋಣ.

ಇಳಿಯಿತು.
ದೀಪಾವಳಿಗೆ ನಾಲ್ಕು ಸಾವಿರ ಇಳಿಯಿತು.
ಇಳಿದದ್ದು ಇನ್ನೂ ಇಳಿಯುತ್ತದೆ ಅಂದರು.
ಯುಗಾದಿಗೆ ಜೊತೆಗೊಂದು ಮಿಕ್ಸಿ ಫ್ರೀ.
ಫ್ರೀ ಕೊಡುವವನನ್ನು ನಂಬಬೇಡ ಅಂದರು.
ಆಮೇಲೆ ಆ ಗಂಗರಾಜುವೇ ಬಾಯಿಬಿಟ್ಟ:
‘ಮುಂದಿನ ವರ್ಷ ಇದರಪ್ಪನಂಥದ್ದು ಬರುತ್ತೆ ಅಣ್ಣಾ.’
ಮುಗಿಯಿತು. ಅಪ್ಪನಿಗೆ ಕಾಯತೊಡಗಿದರು.

ಅತ್ತೆಯದು ಬೇರೆ ಲೆಕ್ಕ.
ಚಪ್ಪಟೆ ಟಿವಿಯ ತಲೆಯ ಮೇಲೆ ಏನಿಡುತ್ತೀರಿ?
ನಮ್ಮ ಡಬ್ಬದ ಮೇಲೆ ಕ್ರೋಶಾ ಬಟ್ಟೆ,
ಬಟ್ಟೆಯ ಮೇಲೆ ಕರೆಂಟು ಬಿಲ್ಲು, ಅವರ ಬಿಪಿ ಮಾತ್ರೆ,
ನಿಂತುಹೋದ ಅಲಾರಂ,
ಚಳಿ ಬಿದ್ದರೆ ಬೆಕ್ಕು.
‘ಬೆಕ್ಕಿಗೊಂದು ಜಾಗ ಮಾಡಿ, ಆಮೇಲೆ ತನ್ನಿ.’

ಪಕ್ಕದ ಹುರಿ ಮಿಷನ್ನಿನ ಖುರ್ಷಿದಾ ಮನೆಗೆ ರಂಜಾನಿಗೆ ಬಂತು,
ಡಿಶ್ಶು ಸಮೇತ, ಗೋಡೆಯಗಲ.
ಹೋಗಿ ನೋಡಿದೆ. ಬೌಲರನ ಕತ್ತಿನ ಬೆವರು,
ವಾರ್ತೆ ಓದುವವಳ ಮೂಗಿನ ಪಕ್ಕ ಹಳೇ ಗಾಯದ ಕಲೆ.
ಪಾಪ, ನಮ್ಮ ಮನೆಯಲ್ಲಿ ಅವಳಿಗೆ ಆ ಗಾಯವೇ ಆಗಿಲ್ಲ.

ಒಂದು ವಿಚಿತ್ರ ಹೇಳಬೇಕು.
ಮ್ಯಾಚಿನ ದಿನ ನಮ್ಮ ವಿಮಲಿ ‘ಔಟ್!’ ಎಂದು ಕಿರುಚಿದಳು.
ಗೋಡೆಯಾಚೆ ಸದ್ದಿಲ್ಲ.
ಒಂದು, ಎರಡು, ಮೂರು ಎಣಿಸಿದ ಮೇಲೆ
ಅಲ್ಲಿ ವಿಕೆಟ್ ಬಿತ್ತು.
ನಮ್ಮ ಕೇಬಲ್ಲಿನ ಮಸುಕು ಚಿತ್ರ ಎದ್ದ ಮುಖದಲ್ಲೇ ಓಡಿ ಬಂದಿತ್ತು.
ಅವರದು ಆಕಾಶಕ್ಕೆ ಹೋಗಿ, ಮುಖ ತೊಳೆದು, ತಲೆ ಬಾಚಿ ಬರಬೇಕು.
ನಮ್ಮದರಲ್ಲಿ ಅಂಚು ಕತ್ತರಿಸಿ ಸ್ಕೋರು ಕಾಣದು.
ಹಾಗಾಗಿ ಒಪ್ಪಂದ:
ಏನಾಯಿತೆಂದು ನಾವು ಕೂಗುತ್ತೇವೆ,
ಎಷ್ಟಾಯಿತೆಂದು ಅವರು.
ಖುರ್ಷಿದಾಳ ಗಂಡ ಮೊದಮೊದಲು ರೇಗುತ್ತಿದ್ದ,
ಈಗ ಕೊನೇ ಓವರಿಗೆ ಸೌಂಡು ತೆಗೆದು ಗೋಡೆಗೆ ಕಿವಿ ಕೊಡುತ್ತಾನೆ.
ಕೊಟ್ಟದ್ದು ಮೂವತ್ತೆಂಟು ಸಾವಿರ.
ಇವರು ಮೂರು ದಿನ ನಕ್ಕರು.

ಅವತ್ತು ರಾತ್ರಿ ಕೇಳಿಯೇಬಿಟ್ಟೆ:
ಗೂಡಿಗಾದರೆ ಒಂದು ಗಳಿಗೆ ಕಾಯಲ್ಲ ನೀವು.
‘ಗೂಡು ಕಾಯಲ್ಲ ಕಣೇ.
ತಡ ಮಾಡಿದರೆ ಚಿಟ್ಟೆ ತೂತು ಮಾಡಿ ಹಾರುತ್ತೆ, ಎಳೆ ತುಂಡು.
ಟಿವಿಯಲ್ಲಿ ಹಾರಿಹೋಗುವಂಥದ್ದು ಏನಿದೆ?’

ವಿಮಲಿ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು.
ಗಿಣಿ ನೋಡಲು ಹೋದಾಗ ನನ್ನ ಸೊಂಟಕ್ಕಿದ್ದಳು,
ಈಗ ನನ್ನ ಚಪ್ಪಲಿ ಅವಳಿಗೆ ಬಿಗಿ.
ಈಚೆಗೆ ಸಿಕ್ಸರ್ ಹೊಡೆದರೂ ಒಮ್ಮೊಮ್ಮೆ ಕಿರುಚುವುದಿಲ್ಲ.

ನಾನೇನೂ ಹೇಳಲಿಲ್ಲ.
ಕಿವಿ ಚುರುಕು ಅವರದು,
ಒಳಗಿನದು ಎಷ್ಟು ದಿನದ್ದೆಂದು
ಅವರೇ ಕೇಳಿಸಿಕೊಳ್ಳಲಿ.