ಬೂದಿ ಮುಗಿದಲ್ಲಿ

ಸರಾಯೆವೋದ ನಮ್ಮ ಏರುಬೀದಿ
ರಾತ್ರಿಯಿಡೀ ಹೆಪ್ಪುಗಟ್ಟಿ ಗಾಜಾಗಿದೆ.
ಒಲೆಯ ಬೂದಿ ಬಕೆಟ್ಟಿನಲ್ಲಿ ತಂದು
ಅವರ ಹೊಸಿಲಿನಿಂದ ಚೆಲ್ಲುತ್ತಾ ಬಂದೆ,
ನಲ್ಲಿಯ ತಿರುವಿನವರೆಗೆ. ಅಷ್ಟೇ ಇದ್ದದ್ದು.

ಹೈರಿಯಾ ಅಜ್ಜಿ ಬೂಟಿನ ಮೇಲೆ
ತೀರಿಹೋದ ಗಂಡನ ಉಣ್ಣೆಯ ಕಾಲುಚೀಲ
ಎಳೆದುಕೊಂಡಿದ್ದಾರೆ.
ಕೈ ಚಾಚಿದರೆ,
"ನಾನೇನು ಸಂತೆಗೆ ಹೊರಟ ಕುರಿಯೇ?
ಮುಂದೆ ನಡಿ.
ಬಿದ್ದರೆ ನಿನ್ನ ಮೇಲೇ ಬೀಳ್ತೀನಿ, ಮೆತ್ತಗಿರುತ್ತೆ."

ನಡೆದೆ.
ಬೆನ್ನ ಹಿಂದೆ ಕೋಲು, ಉಸಿರು, ಕೋಲು.
ಬೂದಿ ಮುಗಿದಲ್ಲಿ
ಕೋಲಿನ ಸದ್ದೂ ನಿಂತಿತು.
ತಿರುಗಲಿಲ್ಲ ನಾನು.

ಆಮೇಲೆ, ನನ್ನ ಕೋಟಿನ ಬೆಲ್ಟನ್ನು
ಐದು ಬೆರಳು ಹಿಡಿದವು.

ರೊಟ್ಟಿಯಂಗಡಿ ಕಾಣುತ್ತಲೇ ಬಿಟ್ಟವು.
"ಈ ಹುಡುಗಿಗೆ ಮಂಜಲ್ಲಿ ನಡೆಯೋಕೆ ಬರಲ್ಲ,"
ಅಂಗಡಿಯವನಿಗೆ ಹೇಳಿದರು ಅಜ್ಜಿ,
"ನಾನೇ ಕರಕೊಂಡು ಬಂದೆ."