ಕೆಳಗಿನ ಸಾಲು

ಅಶೋಕ ಟಾಕೀಸಿನ ರೈಲ್ವೆ ಗೇಟಿನ ಹತ್ತಿರ ನನ್ನ ಅಂಗಡಿ.
ಗೇಟು ಬಿದ್ದಾಗ ಮಾತ್ರ ಜನಕ್ಕೆ ನನ್ನ ಬೋರ್ಡು ಕಾಣುತ್ತದೆ:
'ಇಲ್ಲಿ ಹೆಸರು ಕೆತ್ತಿ ಕೊಡಲಾಗುವುದು.'

ಅವರು ಮೊದಲ ಸಲ ಬಂದದ್ದು ಸರ್ಕಾರಿ ಜೀಪಿನಲ್ಲಿ.
ಕೆ. ಎಂ. ತಿಪ್ಪೇರುದ್ರಪ್ಪ.
ಇನಿಷಿಯಲ್ಲು ಬಿಟ್ಟು ಐದಕ್ಷರ, ಮೂರು ಒತ್ತು.
ಒತ್ತಿಗೆ ಬೇರೆ ರೇಟು ಸಾರ್, ಅಲಗು ಮುರಿಯುತ್ತೆ ಅಂದೆ.
ನಕ್ಕರು. 'ಒತ್ತು ಬಿದ್ದರೇನೇ ಕೆಲಸ ಆಗೋದು ಮಾರಾಯ.'
ಕೆಳಗಿನ ಸಾಲು: ಜಂಟಿ ನಿರ್ದೇಶಕರು, ದೂರಸಂಪರ್ಕ ನಿಗಾ ಘಟಕ.
ಹಿತ್ತಾಳೆ. ಬಿಲ್ಲು ಇಲಾಖೆ ಹೆಸರಿಗೆ.

ಆ ಹೊತ್ತಿಗೆ ಎದುರಿನ ಲಾಡ್ಜಿನ ನೆತ್ತಿಯ ಮೇಲೆ
ಗಗನ್ ಕಂಪನಿಯ ಟವರು ಎದ್ದು ಮೂರು ತಿಂಗಳು.
ರಾತ್ರಿಯಿಡೀ ಜನರೇಟರು. ನನ್ನ ಗೋಡೆ ನಡುಗಿ
ಮೊಳೆಯ ಮೇಲಿನ ಡಾಕ್ಟರು, ವಕೀಲರು, ನೋಟರಿ
ಬೆಳಗಾಗುವಷ್ಟರಲ್ಲಿ ವಾರೆ.
ಟವರಿನ ಬುಡದಲ್ಲೇ ಕೂತಿದ್ದರೂ ಫೋನು
'ಹಲೋ' ಎಂಬಲ್ಲಿಗೆ ಕಡಿಯುತ್ತದೆ.

ಅರ್ಜಿ ಕೊಟ್ಟೆ, ನನ್ನದೇ ದುಂಡಕ್ಷರದಲ್ಲಿ.
ಬಂದರು. ತಾರಸಿ ಹತ್ತಿದರು. ಪೆಟ್ಟಿಗೆ ತೆರೆದು ಅಳೆದರು.
ಕಂಪನಿಯ ಹುಡುಗನಿಗೆ ಬೈದದ್ದು
ಕೆಳಗೆ ಮಂಡಕ್ಕಿ ಗಾಡಿಯವರೆಗೂ ಕೇಳಿಸಿತು.
ಆವತ್ತು ಮಿರ್ಚಿ ತರಿಸಿದೆ. ದುಡ್ಡು ಅವರೇ ಕೊಟ್ಟರು,
ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.
ಸ್ವೀಕೃತಿಯ ಮೇಲೆ ಸಹಿ:
'ತಿ'ಯ ಗುಡಿಸು ಹಿಗ್ಗಿ ಹೆಸರಿಗೆಲ್ಲ ಛತ್ರಿ ಹಿಡಿದು
ಕೊನೆಯ ಒತ್ತು ಗಾಳದ ಹಾಗೆ ಕೆಳಕ್ಕೆ ಇಳಿದು.
ಅಕ್ಷರದವನಿಗೆ ಅಂಥದ್ದು ಮರೆಯುವುದಿಲ್ಲ.

ಎರಡನೆಯ ಸಲ ಬಿಳಿ ಕಾರು.
ಅದೇ ಹೆಸರು, ಅದೇ ಅಳತೆ, ಒತ್ತು ಮೂರೇ.
ಕೆಳಗೆ: ಹಿರಿಯ ಸಲಹೆಗಾರರು, ಗಗನ್ ಟವರ್ಸ್.
ಬೀಳ್ಕೊಡುಗೆಯ ಹಾರ ಬಾಡಿತ್ತೋ ಇಲ್ಲವೋ, ಕೇಳಲಿಲ್ಲ.
ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು.
'ಮೇಲಿಂದು ಗಟ್ಟಿ ಕೂರಿಸು.
ಕೆಳಗಿನ ಸಾಲಿಗೆ ಅಂಟು ಬೇಡ, ಸ್ಕ್ರೂ ಹಾಕು.'
ದಾದಾಪೀರ ನನ್ನ ಮುಖ ನೋಡಿದ.
ನಾನು ಸ್ಕ್ರೂ ಡಬ್ಬಿ ಹುಡುಕಿದೆ.

ಅಪ್ಪ ಕಾಟನ್ ಮಿಲ್ಲಿನಲ್ಲಿದ್ದ.
ಅಲ್ಲಿ ಗೇಟಿಗೆ ಕಬ್ಬಿಣದ ತಿರುಗುಗಂಬಿ,
ಒಬ್ಬೊಬ್ಬರನ್ನೇ ಎಣಿಸಿ ಒಳಗೆ ಬಿಡುತ್ತಿತ್ತು.
ಸೈರನ್ನು ನಿಂತ ವರ್ಷ ಅದು ಅವನನ್ನು ಹೊರಕ್ಕೆ ತಿರುಗಿಸಿ
ತುಕ್ಕು ಹಿಡಿಯಿತು.
ಸಲಹೆ ಬೇಕೆಂದು ಯಾರೂ ಕಾರು ಕಳಿಸಲಿಲ್ಲ,
ನೂರು ಮಗ್ಗದ ನಡುವೆ ಎಲ್ಲಿ ನೂಲು ಕಡಿಯಿತೆಂದು
ಸದ್ದಿನಲ್ಲೇ ಹೇಳುತ್ತಿದ್ದವನಿಗೆ.

ಜನರೇಟರಿನ ಅರ್ಜಿಗೆ ಉತ್ತರ ಬಂತು, ಹದಿನಾಲ್ಕು ತಿಂಗಳಿಗೆ.
ಗಗನ್ ಕಂಪನಿಯ ನುಣುಪು ಕಾಗದ.
'ತಮ್ಮ ದೂರನ್ನು ಪರಿಶೀಲಿಸಲಾಗಿದೆ. ಎಲ್ಲವೂ ಮಿತಿಯೊಳಗಿದೆ.'
ಅಡಿಯಲ್ಲಿ ಛತ್ರಿ, ಗಾಳ.
ಎರಡೂ ಕಾಗದ ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿದೆ.
ಸಹಿ ಸಹಿಯ ಮೇಲೆ ಕೂತಿತು,
ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಬೇಲಿ ಎದ್ದು ಹೊಲ ಮೇಯ್ತು ಅಂತ ನಾನು ಹೇಳಲಾರೆ.
ಮೇಯಲಿಲ್ಲ ಅದು. ಸುಮ್ಮನೆ ಎದ್ದು ಹೋಗಿ
ದನದವನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದೆ,
ಹೊಲದ ಯಾವ ಮೂಲೆ ಸಡಿಲ ಅಂತ ಅದಕ್ಕೆ ಗೊತ್ತು.

ನಿನ್ನೆ ಸಂಜೆ ಫೋನು. ಹೆಸರು ಹೇಳಬೇಕಾಗಿರಲಿಲ್ಲ.
'ಬೆಂಗಳೂರಿಗೆ ವಾಪಸ್ ಕರೀತಾ ಇದಾರೆ. ಆ ಸಾಲು ಬಿಚ್ಚಿಬಿಡು.
ಹೊಸದು ಬರ್ಕೋ: ಸದಸ್ಯರು, ದೂರಸಂಪರ್ಕ ಗ್ರಾಹಕ...'
ಅಲ್ಲಿಗೆ ಕಡಿಯಿತು.
ಹಲೋ ಅಂದೆ. ಹಲೋ.
ಎದುರಿಗೆ ಟವರಿನ ಕೆಂಪು ದೀಪ ಒಮ್ಮೆ ಹತ್ತಿ ಆರಿತು.

'ಸದಸ್ಯರು' ತನಕ ಕೊಯ್ದಿಟ್ಟಿದ್ದೇನೆ.
ಮುಂದಕ್ಕೆ ಏನು ಬಂದರೂ ಇರಲಿ ಎಂದು
ದಾದಾಪೀರ ಆಗಲೇ ನಾಲ್ಕು ತೂತು ಕೊರೆದಿದ್ದಾನೆ.
ಗೇಟು ಬಿದ್ದಿದೆ. ಜನ ನಿಂತು ಬೋರ್ಡು ಓದುತ್ತಿದ್ದಾರೆ.